ಪ್ರಾಚೀನ ರಹಸ್ಯಾನ್ವೇಷಣೆ: ಕಿಶೋರ ವಿಜ್ಞಾನಕಥೆಯ ಒಂದು ಪ್ರಭೇದ

ಗತಿಸಿಹೋದ ಯಾವುದೋ ಜನಾಂಗವು ಬಿಟ್ಟುಹೋದ ಲಿಪಿಯನ್ನಾಗಲಿ, ಯಂತ್ರವನ್ನಾಗಲಿ, ನಗರವನ್ನಾಗಲಿ ಹದಿಹರೆಯದ ಹುಡುಗನೊಬ್ಬನೋ ಹುಡುಗಿಯೊಬ್ಬಳೋ ಆಕಸ್ಮಿಕವಾಗಿ ಸಂಧಿಸಿ, ಅದರ ಅರ್ಥವನ್ನು ಬುದ್ಧಿಬಲದಿಂದಲೂ ದೇಹಶ್ರಮದಿಂದಲೂ ಭೇದಿಸುವ ವಸ್ತುವುಳ್ಳ ಕಥೆಗಳ ಒಂದು ವರ್ಗ. ಈ ಪ್ರಭೇದವು 19ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು, 20ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಸಮೃದ್ಧವಾಗಿ ಬೆಳೆದು, ಇಂಗ್ಲೆಂಡ್, ಬೆಲ್ಜಿಯಂ, ಬಂಗಾಳ, ಜಪಾನುಗಳಲ್ಲಿ ತನ್ನದೇ ಆದ ಕವಲುಗಳನ್ನು ಒಡೆಯಿತು. ಮಾಯಾಕಥೆಗೂ ಇದಕ್ಕೂ ಇರುವ ಭೇದವೇನೆಂದರೆ, ಅಲ್ಲಿ ಮುಚ್ಚಿದ ಬಾಗಿಲು ಮಂತ್ರಕ್ಕೆ ತೆರೆಯುತ್ತದೆ, ಇಲ್ಲಿ ಅದು ತರ್ಕಕ್ಕೆ ತೆರೆಯಬೇಕು. ನಿಧಿಶೋಧನೆಯ ಕಥೆಗೂ ಇದಕ್ಕೂ ಇರುವ ಭೇದವೇನೆಂದರೆ, ಅಲ್ಲಿ ನಕ್ಷೆಯು ಸಾಧನ ಮಾತ್ರವಾಗಿದ್ದು ಹೊನ್ನೇ ಫಲವಾಗಿರುತ್ತದೆ, ಇಲ್ಲಿ ನಕ್ಷೆಯನ್ನು ಓದಬಲ್ಲವನಾದುದೇ ಫಲ. ಈ ಎರಡನೆಯ ಭೇದವನ್ನು ಮರೆತ ಲೇಖಕರು ಅನೇಕರುಂಟು. ಅವರ ಪುಸ್ತಕಗಳು ಹುಟ್ಟಿದ ವೇಗದಲ್ಲಿಯೇ ಮರೆತುಹೋಗಿವೆ.

ಇಂತಹ ಕಥೆ ಹುಟ್ಟಬೇಕಾದರೆ ಮೊದಲು ಭೂತಕಾಲವು ಸಾಕಷ್ಟು ಆಳವಾಗಬೇಕಾಗಿತ್ತು. ಜಗತ್ತು ಕ್ರಿ.ಪೂ. 4004ರಲ್ಲಿ ಸೃಷ್ಟಿಯಾಯಿತೆಂದು ಐರ್ಲೆಂಡಿನ ಆರ್ಚ್‌ಬಿಷಪ್ ಅಷರನು ಹಾಕಿಕೊಟ್ಟ ಲೆಕ್ಕವನ್ನು ಪಾಶ್ಚಾತ್ಯ ವಿದ್ಯಾವಂತರು ನಂಬಿದ್ದಷ್ಟು ಕಾಲ, ಮನುಷ್ಯನಿಗೆ ತಿಳಿಯದ ಮನುಷ್ಯಚರಿತ್ರೆಯೊಂದು ಇರಬಹುದೆಂಬ ಊಹೆಗೆ ಎಡೆಯಿರಲಿಲ್ಲ. 1830ರಿಂದ 1833ರವರೆಗೆ ಪ್ರಕಟವಾದ ಚಾರ್ಲ್ಸ್ ಲಯಲನ ಭೂವಿಜ್ಞಾನ ಗ್ರಂಥವು ಆ ಲೆಕ್ಕವನ್ನು ಬುಡಮೇಲು ಮಾಡಿತು. ಫ್ರಾನ್ಸಿನ ಸೊಮ್ ನದಿಯ ಜಲ್ಲಿಗಟ್ಟಿನಲ್ಲಿ ಬೂಶೆ ದ ಪೆರ್ತ್ ಸಂಗ್ರಹಿಸಿದ್ದ ಕಲ್ಲಿನ ಕೊಡಲಿಗಳನ್ನು 1859ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಬಂದು ನೋಡಿ, ಅವು ನಶಿಸಿಹೋದ ಪ್ರಾಣಿಗಳ ಎಲುಬುಗಳೊಡನೆ ಒಂದೇ ಸ್ತರದಲ್ಲಿ ದೊರೆತವೆಂದು ಒಪ್ಪಿಕೊಂಡ ಮೇಲೆ ಮಾನವನ ಪ್ರಾಚೀನತೆಯ ಬಗ್ಗೆ ಸಂಶಯ ಉಳಿಯಲಿಲ್ಲ. ಇದರ ಜೊತೆಜೊತೆಗೆ ಇನ್ನೊಂದು ಕ್ರಾಂತಿಯೂ ನಡೆದಿತ್ತು. 1799ರಲ್ಲಿ ದೊರೆತ ರೊಸೆಟ್ಟಾ ಶಿಲೆಯ ಸಹಾಯದಿಂದ ಷಾಂಪೊಲಿಯನ್ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯನ್ನು ಓದಿದನು. ನಮ್ಮ ದೇಶದಲ್ಲಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅಶೋಕನ ಬ್ರಾಹ್ಮೀಲಿಪಿಯನ್ನು ಓದಿದನು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜೇಡಿಮಣ್ಣಿನ ಹಲಗೆಗಳನ್ನು ಜೋಡಿಸುತ್ತಿದ್ದ ಜಾರ್ಜ್ ಸ್ಮಿತ್ 1872ರಲ್ಲಿ ಗಿಲ್ಗಮೆಶ್ ಕಾವ್ಯದ ಜಲಪ್ರಳಯ ವೃತ್ತಾಂತವನ್ನು ಲೋಕಕ್ಕೆ ತಿಳಿಸಿದನು. ಭೂಮಿಯ ಸ್ತರಗಳನ್ನು ಓದುವ ವಿದ್ಯೆ, ಸತ್ತ ಲಿಪಿಗಳನ್ನು ಓದುವ ವಿದ್ಯೆ, ಇವೆರಡೂ ಕೂಡಿದ ಕಡೆ ಈ ಕಥಾಪ್ರಭೇದ ಜನಿಸಿತು.

ಜನಿಸಿದ ದಿನವನ್ನೂ ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಪ್ಯಾರಿಸ್ಸಿನ ಪ್ರಕಾಶಕ ಎಟ್ಸೆಲ್ 1864ರ ನವೆಂಬರಿನಲ್ಲಿ ಹೊರತಂದ ಜೂಲ್ಸ್ ವರ್ನ್‌ನ ಭೂಗರ್ಭಯಾತ್ರೆಯ ಕಾದಂಬರಿಯೇ ಈ ಪ್ರಭೇದದ ಆದಿಗ್ರಂಥ. ಕಥೆ 1863ರ ಮೇ 24ನೆಯ ಭಾನುವಾರ ಹ್ಯಾಂಬರ್ಗ್ ನಗರದ ಹಳೆಯ ಬೀದಿಯೊಂದರ ಮನೆಯಲ್ಲಿ ಆರಂಭವಾಗುತ್ತದೆ. ಖನಿಜಶಾಸ್ತ್ರದ ಪ್ರಾಧ್ಯಾಪಕ ಲಿಡನ್‌ಬ್ರಾಕನು ಐಸ್‌ಲೆಂಡಿನ ಸ್ನೊರಿ ಎಂಬ ಕವಿಯ ಹಳೆಯ ಹಸ್ತಪ್ರತಿಯೊಂದನ್ನು ಕೊಂಡು ತಂದಿದ್ದಾನೆ. ಅದರೊಳಗಿಂದ ರೂನ್ ಲಿಪಿಯ ಅಕ್ಷರಗಳಿರುವ ಚರ್ಮಪತ್ರದ ಚೂರೊಂದು ಜಾರಿಬೀಳುತ್ತದೆ. ಬರೆದವನು 16ನೆಯ ಶತಮಾನದ ರಸವಾದಿ ಆರ್ನೆ ಸಾಕ್ನುಸೆಮ್ ಎಂಬುದು ತಿಳಿಯುತ್ತದೆ, ಬರೆದುದೇನೆಂಬುದು ಮಾತ್ರ ತಿಳಿಯುವುದಿಲ್ಲ. ಅಕ್ಷರಗಳನ್ನು ಅಡ್ಡಸಾಲಿನ ಬದಲು ಕಂಬಸಾಲಿನಲ್ಲಿ ಬರೆದಿರಬಹುದೆಂದು ಊಹಿಸಿದ ಪ್ರಾಧ್ಯಾಪಕನು, ಪರೀಕ್ಷೆಗಾಗಿ ಯಾವುದಾದರೊಂದು ವಾಕ್ಯವನ್ನು ಹಾಗೆ ಬರೆಯೆಂದು ಅಣ್ಣನ ಮಗನೋ ತಂಗಿಯ ಮಗನೋ ಆದ ಆಕ್ಸೆಲನಿಗೆ ಆಜ್ಞಾಪಿಸಿದರೆ, ಹುಡುಗನು ಮೈಮರೆತು ಆ ಮನೆಯಲ್ಲೇ ಬೆಳೆಯುತ್ತಿದ್ದ ಗ್ರಾಯ್ಬೆನ್ ಎಂಬವಳ ಮೇಲಣ ತನ್ನ ಪ್ರೇಮವನ್ನೇ ಬರೆದುಬಿಡುತ್ತಾನೆ. ಗುಟ್ಟುಗಳನ್ನು ಬಿಡಿಸುವ ಕಥೆಯಲ್ಲಿ ಮೊದಲು ಬಯಲಾಗುವ ಗುಟ್ಟು ಬಿಡಿಸಲು ಕುಳಿತವನದೇ ಆಗಿರುವುದು ವರ್ನ್‌ನ ವಿನೋದ. ಕೊನೆಗೆ ಚರ್ಮಪತ್ರದ ಬಂಧವನ್ನು ಬಿಡಿಸುವವನು ವಿದ್ವಾಂಸನಲ್ಲ. ಸೆಖೆಯಿಂದ ಬಳಲಿದ ಆಕ್ಸೆಲನು ಆ ಕಾಗದದಿಂದಲೇ ಗಾಳಿ ಬೀಸಿಕೊಳ್ಳುತ್ತಿರಲಾಗಿ ಅದರ ಹಿಂಬದಿ ಕಣ್ಣಿಗೆ ಬಿದ್ದು, ಕೊನೆಯಿಂದ ಮೊದಲಿಗೆ ಓದಿದರೆ ಲ್ಯಾಟಿನ್ ಶಬ್ದಗಳು ಹೊಳೆಯುತ್ತವೆಂದು ಅವನಿಗೆ ತಟ್ಟನೆ ಗೋಚರವಾಗುತ್ತದೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ರಹಸ್ಯವನ್ನು ತಿಳಿದ ಆಕ್ಸೆಲನು ಅದನ್ನು ಹೇಳಲು ಹೆದರುತ್ತಾನೆ. ಹೇಳಿದರೆ ಪ್ರಾಧ್ಯಾಪಕನು ಜ್ವಾಲಾಮುಖಿಯೊಳಕ್ಕೆ ಇಳಿಯದೆ ಇರಲಾರನೆಂದು ಅವನಿಗೆ ಗೊತ್ತು. ಆದರೆ ಪ್ರಾಧ್ಯಾಪಕನು ಮನೆಯ ಬೀಗದಕೈಯನ್ನು ತನ್ನೊಡನೆ ಇಟ್ಟುಕೊಂಡು, ಅರ್ಥ ಹೊಳೆಯುವವರೆಗೆ ಯಾರಿಗೂ ಊಟವಿಲ್ಲವೆಂಬಂತಹ ಸ್ಥಿತಿಯನ್ನು ತಂದಿಟ್ಟಿದ್ದಾನೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಸಿವು ವಿವೇಕವನ್ನು ಗೆಲ್ಲುತ್ತದೆ, ಹುಡುಗನು ಬಾಯಿಬಿಡುತ್ತಾನೆ. ಪ್ರಳಯಪೂರ್ವದ ಸಮುದ್ರಗಳನ್ನೂ ಅಣಬೆಯ ಅರಣ್ಯಗಳನ್ನೂ ಮುಂದೆ ಕಾಣಲಿರುವ ಮಹಾಯಾತ್ರೆ ಹೊರಟದ್ದು ತಪ್ಪಿದ ಒಂದು ಊಟದಿಂದ ಎಂಬ ಈ ಘಟನೆಯಲ್ಲಿ, ಮಹತ್ತಾದುದನ್ನು ಮನೆಯೊಳಗಿನ ಸಣ್ಣ ಸಂಗತಿಗೆ ಕಟ್ಟಿ ನಿಲ್ಲಿಸುವ ವರ್ನ್‌ನ ಕೌಶಲವು ಸಂಪೂರ್ಣವಾಗಿ ವ್ಯಕ್ತವಾಗಿದೆ. ಅವನನ್ನು ಅನುಕರಿಸಿದವರು ಸಮುದ್ರವನ್ನೂ ಅರಣ್ಯವನ್ನೂ ತೆಗೆದುಕೊಂಡರು, ಊಟವನ್ನು ಬಿಟ್ಟರು.

ಐಸ್‌ಲೆಂಡಿನ ಸ್ನೆಫೆಲ್ಸ್ ಪರ್ವತದಲ್ಲಿ, ಜೂನ್ ತಿಂಗಳ ಕೊನೆಯ ದಿನಗಳಲ್ಲಿ, ಸ್ಕಾರ್ಟಾರಿಸ್ ಎಂಬ ಶಿಖರದ ನೆರಳು ಯಾವ ಕುಹರದ ಮೇಲೆ ಬೀಳುವುದೋ ಅದೇ ಭೂಗರ್ಭದ ದ್ವಾರ. ಆಕ್ಸೆಲ್, ಪ್ರಾಧ್ಯಾಪಕ, ಹಾನ್ಸ್ ಎಂಬ ಮಿತಭಾಷಿ ಮಾರ್ಗದರ್ಶಿ, ಈ ಮೂವರು ಇಳಿಯುತ್ತ ಹೋದಂತೆ ಶಿಲಾಸ್ತರಗಳು ಒಂದೊಂದಾಗಿ ಹಿಂದಿನ ಯುಗಗಳಾಗಿ ತೆರೆದುಕೊಳ್ಳುತ್ತವೆ. ದಾರಿಯಲ್ಲಿ ಬಂಡೆಯ ಮೇಲೆ ಕೆತ್ತಿದ ಸಾಕ್ನುಸೆಮನ ಹೆಸರಿನ ಎರಡು ಮೊದಲಕ್ಷರಗಳು ಕಾಣುತ್ತವೆ. 1867ರ ಪರಿಷ್ಕೃತ ಆವೃತ್ತಿಯಲ್ಲಿ ವರ್ನ್ ಸೇರಿಸಿದ ಅಧ್ಯಾಯಗಳಲ್ಲಿ ಎಲುಬುಗಳ ಮಹಾಕ್ಷೇತ್ರವೊಂದೂ, ಮಾಸ್ಟಡಾನ್ ಎಂಬ ಪ್ರಾಚೀನ ಆನೆಗಳ ಹಿಂಡನ್ನು ಕಾಯುವ ದೈತ್ಯಮಾನವನೊಬ್ಬನೂ ಬರುತ್ತಾರೆ. ಆ ಮನುಷ್ಯನನ್ನು ಕಂಡೊಡನೆ ಪ್ರಯಾಣಿಕರು ಓಡಿಹೋಗುತ್ತಾರೆ. ಕಂಡದ್ದು ನಿಜವೋ ಭ್ರಮೆಯೋ ಎಂದು ಆಕ್ಸೆಲನು ಅನಂತರ ಸಂದೇಹಪಡುತ್ತಾನೆ. ಭೂಕೇಂದ್ರವನ್ನು ಅವರು ಮುಟ್ಟುವುದೂ ಇಲ್ಲ, ಇಟಲಿಯ ಸ್ಟ್ರಾಂಬೊಲಿ ಜ್ವಾಲಾಮುಖಿಯ ಬಾಯಿಂದ ಹೊರಗೆ ಎಸೆಯಲ್ಪಡುತ್ತಾರೆ. ಹೀಗೆ ತುದಿಯವರೆಗೆ ಹೇಳದೆ ಬಿಟ್ಟ ಧೈರ್ಯ ವರ್ನ್‌ಗೆ ಇತ್ತು.

ಕಾದಂಬರಿಯ ಕಲ್ಪಿತ ಭಾನುವಾರದಿಂದ ಆರು ದಿನ ಕಳೆಯುವಷ್ಟರಲ್ಲಿ, 1863ರ ಮೇ 30ರಂದು, ಮದರಾಸಿನ ಸಮೀಪದ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಜಂಬಿಟ್ಟಿಗೆಯ ಜಲ್ಲಿಯೊಳಗಿಂದ ಹಳೆಶಿಲಾಯುಗದ ಕಲ್ಲಿನ ಆಯುಧವನ್ನೆತ್ತಿದನು; ಭಾರತದ ಪ್ರಾಗಿತಿಹಾಸದ ಅಧ್ಯಯನವು ಅಂದಿನಿಂದ ಆರಂಭವಾಯಿತೆಂದು ಎಣಿಸುವುದು ವಾಡಿಕೆ. ಇದು ಕೇವಲ ಕಾಕತಾಳೀಯ. ಆದರೆ ಆ ದಶಕದಲ್ಲಿ ನೆಲದ ಕೆಳಗೆ ನೋಡುವ ಕುತೂಹಲ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಈ ಕಾಕತಾಳೀಯವೂ ಒಂದು ನಿದರ್ಶನವಾಗಬಲ್ಲುದು.

ನಾಯಕನು ಹದಿಹರೆಯದವನೇ ಏಕಾಗಬೇಕು ಎಂಬ ಪ್ರಶ್ನೆಗೆ, ಓದುಗರು ಆ ವಯಸ್ಸಿನವರಾದುದರಿಂದ ಎಂಬ ವ್ಯಾಪಾರೀ ಉತ್ತರವನ್ನು ಕೊಡುವುದು ಸುಲಭ. ವಾಸ್ತವ ಚರಿತ್ರೆಯನ್ನು ನೋಡಿದರೆ ಇನ್ನೂ ಗಟ್ಟಿಯಾದ ಆಧಾರ ಸಿಗುತ್ತದೆ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲದಂಡೆಯಲ್ಲಿ 1811-12ರಲ್ಲಿ ಇಕ್ತಿಯೊಸಾರ್ ಎಂಬ ಮತ್ಸ್ಯಸರೀಸೃಪದ ಅಸ್ಥಿಪಂಜರವನ್ನು ತನ್ನ ಅಣ್ಣನೊಡನೆ ಹೊರತೆಗೆಯಿಸಿದ ಮೇರಿ ಆನ್ನಿಂಗಳಿಗೆ ಆಗ ಹನ್ನೆರಡರ ಆಸುಪಾಸಿನ ವಯಸ್ಸು. ಸ್ಪೇನಿನ ಆಲ್ತಮೀರ ಗುಹೆಯಲ್ಲಿ 1879ರಲ್ಲಿ ತಂದೆ ನೆಲವನ್ನು ಅಗೆಯುತ್ತಿರುವಾಗ ತಲೆಯೆತ್ತಿ ಛಾವಣಿಯ ಕಾಡೆಮ್ಮೆಗಳ ಚಿತ್ರಗಳನ್ನು ಮೊದಲು ಕಂಡವಳು ಅವನ ಎಂಟು ವರ್ಷದ ಮಗಳು. ಆ ಚಿತ್ರಗಳು ಮೋಸದವೆಂದು ತಂದೆಯನ್ನು ಹೀಯಾಳಿಸಿದ ವಿದ್ವಾಂಸರಲ್ಲಿ ಮುಖ್ಯನಾದ ಕಾರ್ತಯ್ಯಾಕನು 1902ರಲ್ಲಿ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳುವ ಹೊತ್ತಿಗೆ ಆ ತಂದೆ ತೀರಿಹೋಗಿ ಹದಿನಾಲ್ಕು ವರ್ಷಗಳಾಗಿದ್ದುವು. ಫ್ರಾನ್ಸಿನ ಲಾಸ್ಕೋ ಗುಹೆಯೊಳಕ್ಕೆ 1940ರ ಸೆಪ್ಟೆಂಬರಿನಲ್ಲಿ ಇಳಿದವರು ಹದಿನೆಂಟು ವರ್ಷದ ಮಾರ್ಸೆಲ್ ರಾವಿದಾ ಮತ್ತು ಅವನಿಗಿಂತ ಕಿರಿಯರಾದ ಮೂವರು ಗೆಳೆಯರು.

ಇವೆಲ್ಲಕ್ಕಿಂತಲೂ ಕಥೆಗೆ ಸಮೀಪವಾದುದು ಮೈಕೆಲ್ ವೆಂಟ್ರಿಸನ ಜೀವನ. 1936ರಲ್ಲಿ, ಹದಿನಾಲ್ಕು ವರ್ಷದ ಶಾಲಾಬಾಲಕನಾಗಿ, ಅವನು ಲಂಡನ್ನಿನ ಪ್ರದರ್ಶನವೊಂದರಲ್ಲಿ ವೃದ್ಧನಾದ ಆರ್ಥರ್ ಇವಾನ್ಸನಿಂದ ಕ್ರೀಟ್ ದ್ವೀಪದ ಮಣ್ಣಿನ ಹಲಗೆಗಳ ವಿಚಾರವನ್ನು ಕೇಳಿ, ಅವುಗಳ ಲಿಪಿ ಇನ್ನೂ ಅಜ್ಞಾತವೆಂಬುದನ್ನು ತಿಳಿದನು. ಹದಿನೆಂಟರ ವಯಸ್ಸಿನಲ್ಲಿ ಅಮೆರಿಕದ ಪುರಾತತ್ತ್ವ ಪತ್ರಿಕೆಯೊಂದಕ್ಕೆ, ತನ್ನ ವಯಸ್ಸನ್ನು ಮರೆಮಾಚಿ, ಆ ಭಾಷೆಯು ಎಟ್ರಸ್ಕನ್ನಿಗೆ ಸಂಬಂಧಿಸಿದುದೆಂದು ವಾದಿಸುವ ಲೇಖನವನ್ನು ಕಳುಹಿಸಿದನು, ಅದು ಅಚ್ಚಾಯಿತು. ಆ ವಾದ ತಪ್ಪಾಗಿತ್ತು. ಮುಂದೆ ವಾಸ್ತುಶಿಲ್ಪಿಯಾಗಿ ಜೀವಿಸುತ್ತ, ಬಿಡುವಿನಲ್ಲಿ ಅಕ್ಷರಗಳ ಆವರ್ತನೆಗಳನ್ನು ಕೋಷ್ಟಕಗಳಲ್ಲಿ ಜೋಡಿಸುತ್ತ ಹೋದ ಅವನು, 1952ರಲ್ಲಿ, ತಾನೇ ನಂಬಲು ಒಲ್ಲದಿದ್ದ ನಿರ್ಣಯಕ್ಕೆ ಬಂದನು: ಆ ಹಲಗೆಗಳ ಭಾಷೆ ಗ್ರೀಕಿನ ಪ್ರಾಚೀನ ರೂಪ. ಓದಿದಾಗ ದೊರೆತದ್ದು ಮಹಾಕಾವ್ಯವೂ ಅಲ್ಲ, ದೈವವಾಣಿಯೂ ಅಲ್ಲ. ಕುರಿ, ಎಣ್ಣೆ, ರಥದ ಚಕ್ರ, ಕೆಲಸಗಾರರ ಪಡಿ ಮುಂತಾದವುಗಳ ಅರಮನೆಯ ಲೆಕ್ಕ. ಕಾದಂಬರಿಕಾರನಾಗಿದ್ದರೆ ಇಂತಹ ಅಂತ್ಯವನ್ನು ಬರೆಯಲು ಹಿಂದೆಗೆಯುತ್ತಿದ್ದನು, ಆದರೆ ಅನ್ವೇಷಣೆಯ ಆನಂದವು ದೊರೆತ ವಸ್ತುವಿನ ಬೆಲೆಯನ್ನು ಅವಲಂಬಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ.

ವರ್ನ್‌ನ ಅನಂತರ ಈ ಪ್ರಭೇದವು ಕೆಲವು ದಶಕಗಳ ಕಾಲ ಅಡ್ಡದಾರಿ ಹಿಡಿಯಿತು. ರೈಡರ್ ಹ್ಯಾಗರ್ಡನ ಸೊಲೊಮನ್ ದೊರೆಯ ಗಣಿಗಳ ಕಾದಂಬರಿ (1885) ಹುಡುಗರಿಗಾಗಿಯೇ ಬರೆದುದು. ಅದರಲ್ಲಿ ಆಫ್ರಿಕದ ನಡುವೆ ಕಾಣುವ ಪ್ರಾಚೀನ ರಾಜಮಾರ್ಗವನ್ನೂ ಗಣಿಗಳನ್ನೂ ಕಟ್ಟಿದವರು ಎಂದೋ ಬಂದುಹೋದ ಪರದೇಶೀಯರೇ ಹೊರತು ಅಲ್ಲಿಯ ಜನರಲ್ಲ. ಇದು ಹ್ಯಾಗರ್ಡನೊಬ್ಬನ ಭ್ರಮೆಯಲ್ಲ. ಆಫ್ರಿಕದ ದಕ್ಷಿಣ ಭಾಗದಲ್ಲಿರುವ ಮಹಾ ಜಿಂಬಾಬ್ವೆಯ ಕಲ್ಲಿನ ಕಟ್ಟಡಗಳನ್ನು 1871ರಲ್ಲಿ ನೋಡಿದ ಕಾರ್ಲ್ ಮೌಖ್ ಎಂಬ ಜರ್ಮನನು ಅವನ್ನು ಶೀಬಾ ದೇಶದ ರಾಣಿಗೆ ಸಂಬಂಧಿಸಿ ಹೇಳಿದ್ದನು. 1905ರಲ್ಲಿ ರ‍್ಯಾಂಡಲ್-ಮ್ಯಾಕೈವರನೂ 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ನಳೂ ಅಗೆದು ನೋಡಿ, ಅದು ಆಫ್ರಿಕದವರದೇ ನಿರ್ಮಾಣವೆಂದು ಸಿದ್ಧಪಡಿಸಿದ ಮೇಲೂ, ಬಿಳಿಯರ ರೊಡೇಶಿಯದ ಸರ್ಕಾರಕ್ಕೆ ಆ ಸತ್ಯವು ರುಚಿಸಲಿಲ್ಲ. ಕೊನನ್ ಡಾಯ್ಲನ ಕಳೆದುಹೋದ ಲೋಕದ ಕಾದಂಬರಿಯು (1912) ಕಾಲಚಕ್ರದಿಂದ ತಪ್ಪಿಸಿಕೊಂಡ ಪ್ರಾಣಿಗಳ ಎತ್ತರದ ಪ್ರಸ್ಥಭೂಮಿಯನ್ನು ಲಘುವಾದ ವಿನೋದದಿಂದ ವರ್ಣಿಸಿ, ಓದುಗರ ಪ್ರೀತಿಯನ್ನು ಗಳಿಸಿತು.

ಭೂಮಿಯ ಮೇಲೆ ಅಜ್ಞಾತ ಸ್ಥಳಗಳು ತೀರುತ್ತ ಬಂದಂತೆ ಪ್ರಾಚೀನ ರಹಸ್ಯಗಳೂ ಆಕಾಶಕ್ಕೆ ವಲಸೆಹೋದುವು. ಮಂಗಳಗ್ರಹದ ಮೇಲೆ ಕಾಲುವೆಗಳಿವೆಯೆಂದೂ, ಒಣಗುತ್ತಿರುವ ಗ್ರಹದ ವೃದ್ಧ ನಾಗರಿಕತೆಯೊಂದು ಧ್ರುವಗಳ ಹಿಮದ ನೀರನ್ನು ಅವುಗಳ ಮೂಲಕ ಹರಿಸುತ್ತಿದೆಯೆಂದೂ 1895ರಿಂದ ಮುಂದೆ ಪರ್ಸಿವಲ್ ಲೋವೆಲ್ ಪ್ರತಿಪಾದಿಸಿದ್ದು ಖಗೋಳಶಾಸ್ತ್ರಕ್ಕೆ ಹಾನಿಯನ್ನೂ ಕಥಾಸಾಹಿತ್ಯಕ್ಕೆ ಅಪಾರ ಲಾಭವನ್ನೂ ಮಾಡಿತು. ರಾಬರ್ಟ್ ಹೈನ್‌ಲೈನನು ಸ್ಕ್ರಿಬ್ನರ್ಸ್ ಪ್ರಕಾಶನಕ್ಕಾಗಿ 1947ರಿಂದ 1958ರವರೆಗೆ ಬರೆದ ಹನ್ನೆರಡು ಕಿಶೋರ ಕಾದಂಬರಿಗಳಲ್ಲಿ ಮೊದಲನೆಯದರಲ್ಲೇ, ಮೂವರು ಹುಡುಗರು ವಿಜ್ಞಾನಿಯೊಬ್ಬನೊಡನೆ ಚಂದ್ರನಲ್ಲಿಗೆ ಹೋಗಿ, ಎಂದೋ ಅಣುಯುದ್ಧದಿಂದ ತಮ್ಮನ್ನು ತಾವೇ ನಾಶಮಾಡಿಕೊಂಡ ಚಂದ್ರವಾಸಿಗಳ ಅವಶೇಷಗಳನ್ನು ಕಾಣುತ್ತಾರೆ. ಹಿರೋಷಿಮದ ಎರಡೇ ವರ್ಷಗಳ ಅನಂತರ ಬಂದ ಪುಸ್ತಕವೆಂಬುದನ್ನು ನೆನೆದರೆ, ಪ್ರಾಚೀನರ ಹೆಸರಿನಲ್ಲಿ ಹೇಳಿದ್ದು ಯಾರ ಭವಿಷ್ಯವೆಂಬುದು ವಿವರಿಸಬೇಕಾಗಿಲ್ಲ. 1949ರ ಮಂಗಳಗ್ರಹದ ಕಾದಂಬರಿ ಇನ್ನೂ ಸರಸವಾದುದು. ಅಲ್ಲಿ ಜಿಮ್ ಎಂಬ ಹುಡುಗನು ಸಾಕಿಕೊಂಡಿರುವ ವಿಲಿಸ್ ಎಂಬ ಚೆಂಡಿನಾಕಾರದ ಜೀವಿ, ಕೇಳಿದ ಮಾತನ್ನೆಲ್ಲ ಕೇಳಿದ ಧ್ವನಿಯಲ್ಲಿಯೇ ಮರಳಿ ನುಡಿಯುತ್ತದೆ. ಶಾಲೆಯ ಮುಖ್ಯಾಧ್ಯಾಪಕನು ಅದನ್ನು ಕಿತ್ತುಕೊಂಡುದರಿಂದ ಹುಡುಗರಿಬ್ಬರು ಅದನ್ನು ಬಿಡಿಸಿಕೊಂಡು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುತ್ತ ಪರಾರಿಯಾಗುತ್ತಾರೆ. ಆ ಸಾಕುಪ್ರಾಣಿ ಮಂಗಳದ ಪುರಾತನ ಜನಾಂಗದ ಶಿಶುರೂಪವೆಂಬುದು ಕೊನೆಗೆ ತಿಳಿಯುತ್ತದೆ. ದೊಡ್ಡವರು ಮೃಗಾಲಯಕ್ಕೆ ಮಾರಲು ಯೋಚಿಸಿದುದನ್ನು ಹುಡುಗನು ಸ್ನೇಹಿತನೆಂದು ನಡೆಸಿಕೊಂಡಿದ್ದನೆಂಬುದೇ ಅಲ್ಲಿ ಪ್ರಮಾಣವಾಗುತ್ತದೆ, ಅದೇ ಮನುಷ್ಯರನ್ನು ಉಳಿಸುತ್ತದೆ. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆಯು ಕಳುಹಿಸಿದ ಚಿತ್ರಗಳಲ್ಲಿ ಕಾಲುವೆಗಳಿರಲಿಲ್ಲ, ಕುಳಿಗಳಿದ್ದುವು. ಕಾದಂಬರಿ ಮಾತ್ರ ಇಂದಿಗೂ ಓದಿಸಿಕೊಳ್ಳುತ್ತದೆ.

ಈ ಪ್ರಭೇದವನ್ನು ತನ್ನ ಜೀವನದ ಕಾಯಕವನ್ನಾಗಿ ಮಾಡಿಕೊಂಡವಳು ಆಂಡ್ರೆ ನಾರ್ಟನ್ (1912-2005). ಒಹಾಯೊ ರಾಜ್ಯದ ಕ್ಲೀವ್‌ಲೆಂಡಿನಲ್ಲಿ ಆಲಿಸ್ ಮೇರಿ ನಾರ್ಟನ್ ಎಂದು ಹುಟ್ಟಿ, ಹುಡುಗರ ಸಾಹಸಕಥೆಗಳ ಪೇಟೆಯಲ್ಲಿ ಗಂಡುಹೆಸರಿಗಿರುವ ಬೆಲೆಯನ್ನರಿತು 1934ರಲ್ಲಿ ಕಾನೂನುಬದ್ಧವಾಗಿ ಹೆಸರು ಬದಲಾಯಿಸಿಕೊಂಡ ಈಕೆ, ಅದೇ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ದೀರ್ಘಕಾಲ ಮಕ್ಕಳ ವಿಭಾಗದ ಕೆಲಸ ಮಾಡಿದವಳು. ಯಾವ ಪುಸ್ತಕವನ್ನು ಮಕ್ಕಳು ಅರ್ಧಕ್ಕೆ ಹಿಂತಿರುಗಿಸುತ್ತಾರೆಂಬುದನ್ನು ಮೇಜಿನ ಈಚೆಯಿಂದ ನೋಡಿದವಳು. ಆಂಡ್ರೂ ನಾರ್ತ್ ಎಂಬ ಇನ್ನೊಂದು ಹೆಸರಿನಲ್ಲಿ ಬರೆದ 1955ರ ಕಾದಂಬರಿಯಲ್ಲಿ, ಹರಾಜಿನಲ್ಲಿ ಕಣ್ಣುಮುಚ್ಚಿ ಕೊಂಡ ಸುಟ್ಟುಹೋದ ಗ್ರಹವೊಂದಕ್ಕೆ ಸಣ್ಣ ವ್ಯಾಪಾರನೌಕೆಯೊಂದು ಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಡೇನ್ ಥಾರ್ಸನ್ ಎಂಬ ತರುಣನ ಕಣ್ಣಿನಿಂದ ಕಥೆ ಸಾಗುತ್ತದೆ. ಆ ಗ್ರಹದ ಒಳಗೆ, ಮನುಷ್ಯನಿಗಿಂತ ಮುಂಚೆ ತಾರಾಲೋಕವನ್ನು ಆಳಿ ಅಳಿದ ಪೂರ್ವಿಕರ ಯಂತ್ರವೊಂದು ಇನ್ನೂ ಕೆಲಸ ಮಾಡುತ್ತ, ಹಾದುಹೋಗುವ ನೌಕೆಗಳನ್ನು ಸೆಳೆದು ಕೆಡವುತ್ತಿರುತ್ತದೆ. ಆ ಪೂರ್ವಿಕರು ಯಾರು, ಹೇಗಿದ್ದರು, ಏಕೆ ಅಳಿದರು ಎಂಬುದನ್ನು ನಾರ್ಟನ್ ಅಲ್ಲಿ ಹೇಳುವುದಿಲ್ಲ. ಮುಂದಿನ ಹಲವಾರು ಪುಸ್ತಕಗಳಲ್ಲಿಯೂ ಅವರ ನೆರಳನ್ನಷ್ಟೇ ತೋರಿಸುತ್ತಾಳೆ.

1958ರಿಂದ 1963ರವರೆಗೆ ಬಂದ ಆಕೆಯ ಕಾಲಸಂಚಾರದ ನಾಲ್ಕು ಕಾದಂಬರಿಗಳು ಪುರಾತತ್ತ್ವವನ್ನು ಇನ್ನೂ ನೇರವಾಗಿ ಒಳಗೊಂಡಿವೆ. ಮೊದಲನೆಯದರಲ್ಲಿ ರಾಸ್ ಮರ್ಡಾಕ್ ಎಂಬ ಅಪರಾಧಿ ತರುಣನು ಶಿಕ್ಷೆಗೆ ಬದಲಾಗಿ ಗೋಪ್ಯ ಯೋಜನೆಯೊಂದಕ್ಕೆ ಸೇರಿ, ಗಾರ್ಡನ್ ಆಷ್ ಎಂಬ ಪುರಾತತ್ತ್ವಜ್ಞನ ಕೈಕೆಳಗೆ ಕಂಚಿನ ಯುಗದ ಬೀಕರ್ ವ್ಯಾಪಾರಿಗಳ ವೇಷ, ಭಾಷೆ, ನಡೆಗಳನ್ನು ಅಭ್ಯಾಸಮಾಡಿ ಆ ಕಾಲಕ್ಕೆ ಹೋಗುತ್ತಾನೆ. ರಷ್ಯನರಿಗೆ ಹೊಸ ಯಂತ್ರವಿದ್ಯೆ ಎಲ್ಲಿಂದ ಬರುತ್ತಿದೆಯೆಂದು ಹುಡುಕುವುದು ಉದ್ದೇಶ, ಸಿಕ್ಕುವುದು ಹಿಮಯುಗದಲ್ಲಿ ನೆಲಕ್ಕೆ ಬಿದ್ದ ಅನ್ಯಲೋಕದ ನೌಕೆ. ಎರಡನೆಯದರಲ್ಲಿ ಅಪಾಚೆ ಜನಾಂಗದ ಟ್ರಾವಿಸ್ ಫಾಕ್ಸ್ ಸೇರಿ ನಾಲ್ವರು ಅಂತಹ ನೌಕೆಯೊಂದರೊಳಗೆ ಇರುವಾಗ ಅದು ತಾನಾಗಿ ಹಾರಿಬಿಡುತ್ತದೆ. ಸತ್ತ ಚಾಲಕನು ಸಾವಿರಾರು ವರ್ಷಗಳ ಹಿಂದೆ ಹಾಕಿಟ್ಟ ಪಥಸೂಚಿಯ ಪ್ರಕಾರ ನೌಕೆಯು ಒಂದು ಪಾಳುಗ್ರಹದಿಂದ ಇನ್ನೊಂದು ಪಾಳುಗ್ರಹಕ್ಕೆ ಅವರನ್ನು ಒಯ್ಯುತ್ತದೆ. ಗುಂಡಿಗಳ ಅರ್ಥ ತಿಳಿಯದು, ಆಹಾರಪೆಟ್ಟಿಗೆಯ ಪದಾರ್ಥ ತಿನ್ನಬಹುದೋ ವಿಷವೋ ತಿಳಿಯದು, ಹಿಂತಿರುಗುವ ದಾರಿಯಂತೂ ತಿಳಿಯದು. ಇಡೀ ಕಾದಂಬರಿಯೇ ಅಕ್ಷರ ತಿಳಿಯದವನು ಪುಸ್ತಕದೊಳಗೆ ಸಿಕ್ಕಿಕೊಂಡಂತೆ ಇದೆ. ಪಾತ್ರಗಳ ಅಂತರಂಗವು ತೆಳುವಾದುದೆಂಬ ಆಕ್ಷೇಪಣೆಯನ್ನು ನಾರ್ಟನ್ನಳ ಮೇಲೆ ವಿಮರ್ಶಕರು ಹೊರಿಸುವುದುಂಟು, ಅದು ಸುಳ್ಳಲ್ಲ. ಆದರೆ ಅಜ್ಞಾತವಾದ ವಸ್ತುವಿನ ಮುಂದೆ ನಿಂತವನ ಜಾಗರೂಕತೆಯನ್ನು ಆಕೆಯಷ್ಟು ನಂಬುವಂತೆ ಬರೆದವರು ವಿರಳ.

ಇಂಗ್ಲೆಂಡಿನ ಜಾನ್ ಕ್ರಿಸ್ಟೊಫರ್ 1967-68ರಲ್ಲಿ ಪ್ರಕಟಿಸಿದ ಮೂರು ಕಾಲಿನ ಯಂತ್ರಗಳ ಕಾದಂಬರಿತ್ರಯವು ದೂರದರ್ಶಕವನ್ನು ತಿರುಗಿಸಿ ಹಿಡಿಯಿತು. ಅನ್ಯಲೋಕದವರ ಆಳ್ವಿಕೆಯಲ್ಲಿ ಮಧ್ಯಯುಗದ ಜೀವನಕ್ಕೆ ಇಳಿದಿರುವ ಯೂರೋಪಿನಲ್ಲಿ, ಹದಿನಾಲ್ಕು ತುಂಬಿದ ಪ್ರತಿಯೊಬ್ಬರ ತಲೆಗೂ ಲೋಹದ ಜಾಲವೊಂದನ್ನು ಹೊದಿಸಿ ಅವರ ಇಚ್ಛಾಶಕ್ತಿಯನ್ನು ಅಡಗಿಸಲಾಗುತ್ತದೆ. ಆದುದರಿಂದ ಸಂಶಯಪಡುವ ಸಾಮರ್ಥ್ಯ ಹದಿನಾಲ್ಕಕ್ಕಿಂತ ಕಿರಿಯರಿಗೆ ಮಾತ್ರ ಉಳಿದಿದೆ. ನಾಯಕನು ಕಿಶೋರನೇ ಆಗಬೇಕೆಂಬ ಸಂಪ್ರದಾಯಕ್ಕೆ ಇದಕ್ಕಿಂತ ಬಿಗಿಯಾದ ಕಾರಣವನ್ನು ಯಾರೂ ಕಟ್ಟಿಕೊಟ್ಟಿಲ್ಲ. ವಿಲ್, ಹೆನ್ರಿ, ತನ್ನ ಕನ್ನಡಕವನ್ನು ತಾನೇ ಮಸೂರಗಳಿಂದ ಮಾಡಿಕೊಂಡಿರುವ ಫ್ರೆಂಚ್ ಹುಡುಗ, ಈ ಮೂವರು ದಕ್ಷಿಣದ ಬಿಳಿಯ ಪರ್ವತಗಳತ್ತ ಹೋಗುವ ದಾರಿಯಲ್ಲಿ ಪ್ಯಾರಿಸ್ಸಿನ ಅವಶೇಷಗಳನ್ನು ಹಾಯುತ್ತಾರೆ. ಇಲ್ಲಿ ಪ್ರಾಚೀನರೆಂದರೆ ನಾವೇ. ನೆಲದಡಿಯ ರೈಲುನಿಲ್ದಾಣದಲ್ಲಿ ಅವರಿಗೆ ದೊರೆಯುವ ಲೋಹದ ಮೊಟ್ಟೆಗಳು ಕೈಬಾಂಬುಗಳೆಂಬುದು ಓದುಗನಿಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಉಂಗುರವನ್ನು ಎಳೆದು ನೋಡಿದ ಮೇಲೆಯೇ ಅವರು ಕಲಿಯಬೇಕು. ರಹಸ್ಯವನ್ನು ಓದುಗನ ಕೈಗೆ ಮೊದಲೇ ಕೊಟ್ಟು, ತಿಳಿಯುವ ಶ್ರಮವನ್ನು ಪಾತ್ರಗಳಿಗೆ ಬಿಟ್ಟಿರುವ ಈ ಪುಟಗಳು ಇಡೀ ಪ್ರಭೇದದಲ್ಲಿ ಅತ್ಯಂತ ಉದ್ವೇಗಕಾರಿಯಾದವುಗಳಲ್ಲಿ ಸೇರುತ್ತವೆ.

1960ರ ದಶಕದಲ್ಲಿಯೇ ಈ ಪ್ರಭೇದಕ್ಕೆ ಅದರ ದೊಡ್ಡ ವ್ಯಾಧಿಯೂ ತಗುಲಿತು. ಚಂದ್ರನ ಮೇಲೆ ಅನ್ಯರು ಬಿಟ್ಟುಹೋದ ಕಾವಲುಯಂತ್ರವೊಂದನ್ನು ಕುರಿತು ಆರ್ಥರ್ ಕ್ಲಾರ್ಕ್ 1951ರಲ್ಲಿ ಪ್ರಕಟಿಸಿದ ಸಣ್ಣಕತೆಯು ಅದನ್ನು ಕೇವಲ ಊಹೆಯಾಗಿ ಇರಿಸಿತ್ತು. ಪೌವೆಲ್ಸ್ ಮತ್ತು ಬೆರ್ಜಿಯೆ 1960ರಲ್ಲಿಯೂ, ಎರಿಕ್ ಫಾನ್ ಡ್ಯಾನಿಕೆನ್ 1968ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಅಂತಹ ಊಹೆಯನ್ನು ಚರಿತ್ರೆಯೆಂದು ಮಾರಿದುವು: ಪಿರಮಿಡ್ಡುಗಳನ್ನೂ ನಾಸ್ಕಾ ರೇಖೆಗಳನ್ನೂ ಮನುಷ್ಯರು ತಾವೇ ಮಾಡಿರಲಾರರು, ಆಕಾಶದಿಂದ ಬಂದವರು ಮಾಡಿಸಿದರು ಎಂಬುದು ವಾದ. ಬೆಲ್ಜಿಯಮ್ಮಿನ ಎರ್ಜೆ ತನ್ನ ಟಿನ್‌ಟಿನ್ ಮಾಲೆಯ 714ನೆಯ ವಿಮಾನದ ಕಥೆಯಲ್ಲಿ (1968) ಈ ಮೋಹಕ್ಕೆ ಒಳಗಾಗಿ, ಜ್ವಾಲಾಮುಖಿ ದ್ವೀಪದ ನೆಲದಡಿಯ ದೇಗುಲದಲ್ಲಿ ಗಗನಯಾತ್ರಿಯಂತಹ ವಿಗ್ರಹವನ್ನು ನಿಲ್ಲಿಸಿ, ಬೆರ್ಜಿಯೆಯನ್ನೇ ಹೋಲುವ ಪಾತ್ರವೊಂದನ್ನೂ ತಂದನು. ಆದರೆ ಅವನು ಕಲಾವಿದನಾದುದರಿಂದ, ಕೊನೆಗೆ ಎಲ್ಲರ ನೆನಪನ್ನೂ ಅಳಿಸಿಹಾಕಿ, ಕ್ಯಾಲ್ಕುಲಸ್ ಎಂಬ ಪ್ರಾಧ್ಯಾಪಕನ ಬಳಿ ಲೋಹದ ಒಂದು ತುಂಡನ್ನೂ ಟಿನ್‌ಟಿನ್ನನ ನಾಯಿಯ ಬಳಿ ಸತ್ಯವನ್ನೂ ಉಳಿಸಿದನು. ಎರ್ಜೆಯ ಈ ಸಂಯಮ ಅನುಕರಣಕಾರರಲ್ಲಿಲ್ಲ. ಅವರ ಪುಸ್ತಕಗಳಲ್ಲಿ ಪ್ರತಿಯೊಂದು ದೇವಾಲಯವೂ ವಿಮಾನನಿಲ್ದಾಣ, ಪ್ರತಿಯೊಂದು ಶಿಲ್ಪವೂ ಶಿರಸ್ತ್ರಾಣ ಧರಿಸಿದ ಯಾತ್ರಿಕ; ನಾಯಕನು ಓದಿ ತಿಳಿಯಬೇಕಾದುದೇನೂ ಇಲ್ಲ, ಯಾವುದಕ್ಕೂ ಉತ್ತರ ಒಂದೇ. ಜಿಂಬಾಬ್ವೆಯ ಗೋಡೆಗಳನ್ನು ಅವನ್ನು ಕಟ್ಟಿದವರ ಕೈಯಿಂದ ಕಸಿದು ಶೀಬಾದ ರಾಣಿಗೆ ಕೊಟ್ಟ ಮನೋವೃತ್ತಿಯೇ ಇಲ್ಲಿ ವೇಷ ಬದಲಿಸಿಕೊಂಡು ಬಂದಿದೆಯೆಂದು ಹೇಳಿದರೆ ಅನ್ಯಾಯವಾಗಲಾರದು.

ಭಾರತದಲ್ಲಿ ಈ ಬಗೆಯ ಕಥೆಗಳನ್ನು ಅತ್ಯಂತ ಲಾಲಿತ್ಯದಿಂದ ಬರೆದವರು ಸತ್ಯಜಿತ್ ರಾಯ್. ತಾತ ಉಪೇಂದ್ರಕಿಶೋರರು 1913ರಲ್ಲಿ ಆರಂಭಿಸಿ, ನಡುವೆ ನಿಂತುಹೋಗಿದ್ದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯನ್ನು 1961ರಲ್ಲಿ ಪುನಃ ಹೊರಡಿಸಿದಾಗ, ಅದಕ್ಕಾಗಿ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿಯ ದಿನಚರಿಗಳನ್ನು ಬರೆಯತೊಡಗಿದರು. ಶೊಂಕು ಹುಡುಗನಲ್ಲ, ಓದುಗರು ಹುಡುಗರು. ಆದರೂ ಹೊಸದನ್ನು ಕಂಡರೆ ಆತನಿಗೆ ಆಗುವ ಹಿಗ್ಗು ಹದಿಮೂರರ ವಯಸ್ಸಿನದು. ಒಂಟಿಕೋಡಿನ ಮೃಗವನ್ನು ಹುಡುಕಿಕೊಂಡು ಟಿಬೆಟ್ಟಿಗೆ ಹೋಗುವ ಕಥೆಯಲ್ಲಿ ಮೊಹೆಂಜೊದಾರೊ ಮುದ್ರೆಗಳ ಮೇಲಿನ ಪ್ರಾಣಿಯ ಪ್ರಸ್ತಾಪ ಬರುತ್ತದೆ. ದುರ್ಗಮವಾದ ಗೋಡೆಯ ಹಿಂದೆ ಅವರು ಕಾಣುವುದು, ಬಹುಕಾಲ ಬಹುಜನ ನಂಬಿದುದರಿಂದಲೇ ಅಸ್ತಿತ್ವ ಪಡೆದ ಜೀವಿಗಳ ಲೋಕ. ಕಟ್ಟುನಿಟ್ಟಿನ ವಿಜ್ಞಾನದ ದೃಷ್ಟಿಯಿಂದ ಇದು ಒಪ್ಪತಕ್ಕ ಪರಿಹಾರವಲ್ಲ, ಆದರೆ ಪ್ರಾಚೀನರ ಕಲ್ಪನೆಯನ್ನು ಪ್ರಾಚೀನರಿಗೇ ಬಿಟ್ಟುಕೊಟ್ಟ ಸೌಜನ್ಯ ಅದರಲ್ಲಿದೆ.

ಜಪಾನಿನಲ್ಲಿ ಈ ಪ್ರಭೇದವು ಪುಸ್ತಕಕ್ಕಿಂತ ಚಲಿಸುವ ಚಿತ್ರದಲ್ಲಿ ಪ್ರೌಢಿಮೆ ಪಡೆಯಿತು. ಫ್ರೆಂಚರೊಡನೆ ಸೇರಿ 1982ರಲ್ಲಿ ತಯಾರಿಸಿದ ಸುವರ್ಣನಗರಿಗಳ ಕುರಿತ 39 ಕಂತುಗಳ ದೂರದರ್ಶನ ಮಾಲೆಯಲ್ಲಿ ಬಾರ್ಸೆಲೋನಾದ ಅನಾಥ ಎಸ್ತೆಬಾನ್, ಇಂಕಾ ಬಾಲೆ ಝಿಯಾ, ಮುಳುಗಿದ ನಾಡಿನ ಕೊನೆಯ ಕುಡಿ ತಾವೊ ಎಂಬ ಮೂವರು ಮಕ್ಕಳು ಸೌರಶಕ್ತಿಯ ಹಡಗನ್ನೂ ಹೊನ್ನಿನ ಹಕ್ಕಿವಿಮಾನವನ್ನೂ ಕಂಡುಹಿಡಿಯುತ್ತಾರೆ. ಫ್ರೆಂಚ್ ಪ್ರಸಾರದಲ್ಲಿ ಕಂತಿನ ಕೊನೆಗೆ ಆ ನಾಡುಗಳ ನಿಜವಾದ ಜನಜೀವನವನ್ನು ಕುರಿತ ಕಿರುಚಿತ್ರವನ್ನು ಜೋಡಿಸುತ್ತಿದ್ದುದು ವಿವೇಕದ ಕ್ರಮ. ಹಯಾವೊ ಮಿಯಾಝಾಕಿಯ ಲಪೂಟಾ ಚಿತ್ರವು (1986) ಇದಕ್ಕಿಂತ ಬಹಳ ಮೇಲ್ಮಟ್ಟದ ಕೃತಿ. ಗಣಿಯಲ್ಲಿ ದುಡಿಯುವ ಪಾಝು ಮತ್ತು ಕೊರಳಲ್ಲಿ ತೇಲುಗಲ್ಲನ್ನು ಧರಿಸಿದ ಶೀಟಾ ಆಕಾಶದಲ್ಲಿ ತೇಲುವ ಪ್ರಾಚೀನ ನಗರವನ್ನು ತಲಪಿದಾಗ, ಒಡೆಯರು ಅಳಿದು ಎಷ್ಟೋ ಕಾಲವಾಗಿದ್ದರೂ ಯಂತ್ರಮಾನವನೊಬ್ಬನು ತೋಟವನ್ನು ನೋಡಿಕೊಳ್ಳುತ್ತಿರುವುದನ್ನು ಕಾಣುತ್ತಾರೆ. ಆ ನಗರದ ಅಸ್ತ್ರವನ್ನು ವಶಪಡಿಸಿಕೊಂಡ ಮುಸ್ಕಾ ಎಂಬ ದುರಾತ್ಮನು, ರಾಮಾಯಣದಲ್ಲಿ ಇಂದ್ರನ ಬಾಣವೆಂದು ಹೇಳಿರುವುದು ಇದನ್ನೇ ಎಂದು ಜಂಭಪಡುತ್ತಾನೆ. ಡ್ಯಾನಿಕೆನ್ನನ ಸಿದ್ಧಾಂತವನ್ನು ಖಳನಾಯಕನ ಬಾಯಲ್ಲಿ ಹಾಕಿದುದು ಆಕಸ್ಮಿಕವಾಗಿರಲಾರದು. ಮಕ್ಕಳು ರಹಸ್ಯವನ್ನು ತಿಳಿದ ಮೇಲೆ ಅದನ್ನು ಬಳಸುವುದಿಲ್ಲ, ಕೈಕೈ ಹಿಡಿದು ವಿನಾಶದ ಮಂತ್ರವನ್ನು ತಾವೇ ಉಚ್ಚರಿಸುತ್ತಾರೆ.

ಕನ್ನಡದಲ್ಲಿ ಈ ಪ್ರಭೇದದ ಫಸಲು ವಿರಳ, ನೆಲ ಮಾತ್ರ ಫಲವತ್ತಾದುದು. 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಅಶೋಕಶಾಸನವನ್ನು ಕಂಡವನು ಪುರಾತತ್ತ್ವಜ್ಞನಲ್ಲ, ಚಿನ್ನದ ಅದಿರನ್ನು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್. ದೇವಾನಾಂಪ್ರಿಯನೆಂಬ ಬಿರುದಿನ ರಾಜನು ಅಶೋಕನೇ ಎಂಬುದು ಆ ಶಾಸನದಲ್ಲಿದ್ದ ಹೆಸರಿನಿಂದ ಸ್ಥಿರವಾಯಿತು. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಹರಡಿರುವ ಬೂದಿದಿಬ್ಬಗಳ ಕಥೆ ಇನ್ನೂ ಸ್ವಾರಸ್ಯವಾದುದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ಜನ ತೋರಿಸುತ್ತಾರೆ. 19ನೆಯ ಶತಮಾನದ ಯೂರೋಪಿಯನ್ ಪ್ರವಾಸಿಗರು ಜ್ವಾಲಾಮುಖಿಯ ಬೂದಿಯೋ ಲೋಹ ಕರಗಿಸಿದ ಕಿಟ್ಟವೋ ಎಂದು ತರ್ಕಿಸಿದರು. ಪಲ್ಲಾವರದ ಅದೇ ಬ್ರೂಸ್ ಫೂಟನು ಅದು ದನದ ಸಗಣಿ ಸುಟ್ಟ ಬೂದಿಯೆಂದು ಊಹಿಸಿದನು. 1957ರಲ್ಲಿ ಉತ್ನೂರಿನ ದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳನ್ನು ಕಂಡು, ಅವು ನವಶಿಲಾಯುಗದ ಗೋಪಾಲಕರ ದೊಡ್ಡಿಗಳೆಂದು ನಿರ್ಧರಿಸಿದನು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ತುಳಿದುಹೋದ ಆಕಳ ಹೆಜ್ಜೆಯು ಬೂದಿಯಲ್ಲಿ ಉಳಿದಿರುವುದನ್ನು ಹುಡುಗನೊಬ್ಬನು ಕಾಣುವ ಕಾದಂಬರಿಯನ್ನು ಯಾರಾದರೂ ಬರೆಯಬಹುದಾಗಿತ್ತು.

ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲ ಪ್ರಪಂಚ’ದ ಸಂಪುಟಗಳು ಕನ್ನಡದ ಮಕ್ಕಳಿಗೆ ಭೂಗರ್ಭದ, ಲುಪ್ತಪ್ರಾಣಿಗಳ, ನಕ್ಷತ್ರಗಳ ವಿಷಯವನ್ನು ಒದಗಿಸಿದುವು, ಕಥೆಯ ರೂಪದಲ್ಲಿ ಆ ಕುತೂಹಲ ಸಾರ್ಥಕವಾದುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ. ಮಲೆನಾಡಿನ ಕಾಡಿನಲ್ಲಿ, ವಿಕಾಸದ ಹಾದಿಯಲ್ಲಿ ಕೋಟ್ಯಂತರ ವರ್ಷ ಹಿಂದೆಯೇ ನಿಂತುಬಿಟ್ಟ ಹಾರುವ ಓತಿಯೊಂದನ್ನು ಕಂಡಿರುವವನು, ಜೇನು ಹಿಡಿಯುತ್ತ, ಮದುವೆಯ ಚಿಂತೆಯಲ್ಲಿ ಅಲೆಯುವ ಮಂದಣ್ಣನೆಂಬ ಹಳ್ಳಿಯ ತರುಣ; ಆತನ ಕಣ್ಣಿನ ಬೆಲೆಯನ್ನು ಅರಿತವನು ಕರ್ವಾಲೊ ಎಂಬ ವಿಜ್ಞಾನಿಯೊಬ್ಬನೇ. ಇದು ಕಿಶೋರರಿಗೆಂದು ಬರೆದುದಲ್ಲ, ವಿಜ್ಞಾನಕಥೆಯೆಂದು ಕರೆಯುವುದಕ್ಕೂ ಕೆಲವರು ಒಪ್ಪುವುದಿಲ್ಲ. ಆದರೂ ಹೈಸ್ಕೂಲಿನ ಹುಡುಗರು ತಲೆಮಾರುಗಳಿಂದ ಅದನ್ನು ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ವಿದ್ವಾಂಸನಿಗೆ ಕಾಣದುದು ಓದು ತಲೆಗೆ ಹತ್ತದ ತರುಣನಿಗೆ ಕಾಣುವುದು, ಹುಡುಕಾಟದ ನಡುವೆ ಅಡಿಗೆಯೂ ನಾಯಿಯೂ ಕೋರ್ಟಿನ ವ್ಯವಹಾರವೂ ಬೆರೆಯುವುದು, ಕೊನೆಗೆ ಕೈಗೆ ಸಿಕ್ಕಿತೆನ್ನುವಾಗ ಆ ಪ್ರಾಣಿಯು ಕಣಿವೆಯ ಕಡೆಗೆ ತೇಲಿಕೊಂಡು ತಪ್ಪಿಸಿಕೊಳ್ಳುವುದು, ಇವೆಲ್ಲವನ್ನೂ ನೋಡಿದರೆ, ಹ್ಯಾಂಬರ್ಗಿನ ಆ ಹಸಿದ ಮನೆಯ ಕಥೆಗೆ ಮಂಗಳಗ್ರಹದ ಕಾದಂಬರಿಗಳಿಗಿಂತಲೂ ಮೂಡಿಗೆರೆಯ ಸೀಮೆಯ ಈ ಕಥೆಯೇ ಹತ್ತಿರದ ಬಂಧುವೆಂದು ವರ್ಗೀಕರಣಕಾರರು ಒಪ್ಪಬೇಕಾಗುತ್ತದೆ.